ಕೆಟ್ಟ ಗೇಮ್ ಕನ್ಸೋಲಿನ ಒಳಗೆ ಕೆಟ್ಟದ್ದು ಯಾವುದು?

ಕಂಟ್ರೋಲರನ್ನು ಟೀಪಾಯಿ ಮೇಲಿಟ್ಟು ನೀರು ಕುಡಿಯಲು ಎದ್ದುಹೋದರೂ ಟಿವಿಯಲ್ಲಿರುವ ಆಟಗಾರ ಎಡಕ್ಕೆ ನಡೆಯುತ್ತಲೇ ಇರುತ್ತಾನೆ. ಪ್ಲೇಸ್ಟೇಷನ್ನೋ ನಿಂಟೆಂಡೊ ಸ್ವಿಚ್ಚೋ ಇರುವ ಮನೆಗಳಿಗೆ ಈ ಕಾಯಿಲೆ ಹೊಸದಲ್ಲ. ಮಕ್ಕಳು ಇದನ್ನು ‘ಡ್ರಿಫ್ಟ್’ ಅನ್ನುತ್ತಾರೆ. ಮೊದಲು ಸೆಟ್ಟಿಂಗ್ಸ್ ಬದಲಿಸಿ ನೋಡುತ್ತಾರೆ, ಆಮೇಲೆ ಸ್ಟಿಕ್ಕಿನ ಸಂದಿಗೆ ಊದುತ್ತಾರೆ. ಎರಡು ದಿನ ಸರಿಹೋದಂತೆ ಕಂಡು ಮತ್ತೆ ಅದೇ ಕಥೆ. ಕೊನೆಗೆ ಹೊಸದು ಕೊಡಿಸಿ ಎಂದು ಅಪ್ಪ-ಅಮ್ಮನ ಬೆನ್ನು ಬೀಳುತ್ತಾರೆ. ಹೊಸ ಕಂಟ್ರೋಲರಿಗೆ ಐದಾರು ಸಾವಿರ ರೂಪಾಯಿ. ಒಳಗೆ ಸವೆದಿರುವುದು ಉಗುರಿನಗಲದ ಒಂದು ಇಂಗಾಲದ ಪಟ್ಟಿ.

ಗೇಮ್ ಕನ್ಸೋಲುಗಳು ಕೆಡುವ ಬಗೆಯನ್ನು ನೋಡುತ್ತಾ ಹೋದರೆ ಇದೇ ಮತ್ತೆ ಮತ್ತೆ ಎದುರಾಗುತ್ತದೆ. ಇಡೀ ಯಂತ್ರ ಕೆಡುವುದು ಅಪರೂಪ. ಕನೆಕ್ಟರು, ಬ್ಯಾಟರಿ, ಕೆಪಾಸಿಟರು, ಬೆಸುಗೆ, ಫ್ಯಾನು, ಸ್ಟಿಕ್ಕು ಇವುಗಳಲ್ಲಿ ಯಾವುದೋ ಒಂದರ ಆಯುಸ್ಸು ಮುಗಿದಿರುತ್ತದೆ. ಆ ಭಾಗವನ್ನು ಬದಲಿಸಲು ತಯಾರಕರು ದಾರಿ ಬಿಟ್ಟಿದ್ದರೆ ಕನ್ಸೋಲು ಇನ್ನೂ ಹತ್ತು ವರ್ಷ ಬಾಳುತ್ತದೆ, ಬಿಟ್ಟಿಲ್ಲದಿದ್ದರೆ ಗುಜರಿಗೆ ಹೋಗುತ್ತದೆ. ಅರ್ಧ ಲಕ್ಷ ರೂಪಾಯಿ ಕೊಟ್ಟು ತರುವ ವಸ್ತುವಿನ ಬಗ್ಗೆ ಕೊಳ್ಳುವವರು ಇಷ್ಟನ್ನಾದರೂ ತಿಳಿದಿರಬೇಕು ಎಂಬ ಕಾರಣಕ್ಕೆ ಈ ಬರಹ.

ಡ್ರಿಫ್ಟಿನಿಂದಲೇ ಶುರು ಮಾಡೋಣ. ಸ್ಟಿಕ್ಕಿನ ಬುಡದಲ್ಲಿ ಎರಡು ಪೊಟೆನ್ಶಿಯೋಮೀಟರುಗಳಿರುತ್ತವೆ, ಒಂದು ಎಡಬಲಕ್ಕೆ, ಇನ್ನೊಂದು ಮೇಲೆ-ಕೆಳಕ್ಕೆ. ಹಳೆಯ ರೇಡಿಯೊದಲ್ಲಿ ವಾಲ್ಯೂಮ್ ತಿರುಗಿಸುವ ಗುಬ್ಬಿಯೊಳಗೆ ಇದ್ದದ್ದೂ ಇದೇ ಜಾತಿಯ ಭಾಗ. ಪ್ಲೇಸ್ಟೇಷನ್ ಕಂಟ್ರೋಲರಿನಲ್ಲಿ ಇದಕ್ಕೊಂದು ಸಣ್ಣ ಹಸಿರು ಮುಚ್ಚಳವಿದೆ. ಅದನ್ನು ಚಿಮಟದಿಂದ ಎಬ್ಬಿಸಿದರೆ ಒಳಗೆ ಕಪ್ಪು ಇಂಗಾಲ ಬಳಿದ ಕಮಾನಿನಾಕಾರದ ಪಟ್ಟಿ ಕಾಣುತ್ತದೆ. ಅದರ ಮೇಲೆ ಲೋಹದ ತೆಳ್ಳನೆಯ ಕಡ್ಡಿಗಳು ಉಜ್ಜುತ್ತಾ ಸರಿಯುತ್ತವೆ. ಕಡ್ಡಿ ನಿಂತ ಜಾಗಕ್ಕೆ ತಕ್ಕಂತೆ ವೋಲ್ಟೇಜು ಬದಲಾಗುತ್ತದೆ, ಆ ವೋಲ್ಟೇಜನ್ನು ಓದಿ ಕನ್ಸೋಲು ದಿಕ್ಕು ತಿಳಿಯುತ್ತದೆ. ಹೊಸ ಪಟ್ಟಿ ಒಂದೇ ಸಮನಾಗಿ ಕಪ್ಪಗಿರುತ್ತದೆ. ಚೆನ್ನಾಗಿ ಆಡಿದ ಕಂಟ್ರೋಲರಿನ ಪಟ್ಟಿಯನ್ನು ದೀಪದ ಕೆಳಗೆ ವಾಲಿಸಿ ಹಿಡಿದರೆ ನಡುಭಾಗದಲ್ಲಿ ಗೀರು ಹೊಳೆಯುತ್ತದೆ, ಗೀರಿನ ಅಂಚಿಗೆ ಕಪ್ಪು ಪುಡಿ ಕೂತಿರುತ್ತದೆ. ಬೆರಳು ತೆಗೆದಾಗ ಕಡ್ಡಿ ಬಂದು ನಿಲ್ಲುವುದೂ ಆ ನಡುಭಾಗಕ್ಕೇ. ಅಲ್ಲಿಯ ಇಂಗಾಲ ಸವೆದು ವೋಲ್ಟೇಜು ಚೂರು ಆಚೀಚೆಯಾದರೆ, ಯಾರೋ ಸ್ಟಿಕ್ಕನ್ನು ಒತ್ತಿ ಹಿಡಿದಿದ್ದಾರೆ ಎಂದೇ ಕನ್ಸೋಲು ನಂಬುತ್ತದೆ.

ಉಜ್ಜುವ ಭಾಗ ಸವೆಯದೆ ಇರಲಾರದು, ಅದು ತಯಾರಕರಿಗೂ ಗೊತ್ತು. ಅಮೆರಿಕದ ರಿಪೇರಿ ಸಂಸ್ಥೆ ಐಫಿಕ್ಸಿಟ್ 2021ರಲ್ಲಿ ಸೋನಿಯ ಪ್ಲೇಸ್ಟೇಷನ್ 5ರ (ಪಿಎಸ್5) ಕಂಟ್ರೋಲರನ್ನು ಬಿಚ್ಚಿ ನೋಡಿತು. ಅದರಲ್ಲಿದ್ದ ಜಪಾನಿನ ಆಲ್ಪ್ಸ್ ಕಂಪನಿಯ ಸ್ಟಿಕ್ಕಿಗೆ ತಯಾರಕರೇ ಹೇಳುವ ಬಾಳಿಕೆ 20 ಲಕ್ಷ ಸುತ್ತುಗಳು. ವೇಗದ ಶೂಟಿಂಗ್ ಆಟ ಆಡುವವರು ಅಷ್ಟನ್ನು 417 ಗಂಟೆಗಳಲ್ಲಿ ಮುಗಿಸಬಹುದು ಎಂಬುದು ಐಫಿಕ್ಸಿಟ್ ಹಾಕಿದ ಲೆಕ್ಕ. ದಿನಕ್ಕೆ ಎರಡು ಗಂಟೆ ಆಡುವ ಹುಡುಗನಿಗೆ ಅದು ಏಳು ತಿಂಗಳ ಮಾತು. ಸವೆಯುವುದು ಖಚಿತವಾದ ಈ ಭಾಗವನ್ನು ಸ್ಕ್ರೂನಿಂದ ಕೂರಿಸುವ ಬದಲು ಬೋರ್ಡಿಗೆ ಹದಿನಾಲ್ಕು ಕಡೆ ಬೆಸುಗೆ ಹಾಕಿ ಕೂರಿಸಿದ್ದಾರೆ. ಅಷ್ಟೂ ಕಡೆ ತವರ ಕರಗಿಸಿ, ಬೋರ್ಡಿನ ತಾಮ್ರದ ಗೆರೆ ಕೀಳದಂತೆ ಹೊರತೆಗೆಯುವುದು ನುರಿತ ಕೈಯ ಕೆಲಸ. ಬೇರೆ ದಾರಿ ಇರಲಿಲ್ಲವೆಂದಲ್ಲ. 2023ರ ಜನವರಿಯಲ್ಲಿ ಸೋನಿಯೇ ‘ಡ್ಯುಯಲ್‌ಸೆನ್ಸ್ ಎಡ್ಜ್’ ಎಂಬ ದುಬಾರಿ ಕಂಟ್ರೋಲರನ್ನು ತಂದಿತು. ಅದರ ಸ್ಟಿಕ್ಕನ್ನು ಬೆಸುಗೆಯ ಗೊಡವೆಯಿಲ್ಲದೆ ಯಾರು ಬೇಕಾದರೂ ಎಳೆದು ಹೊಸದು ಸಿಕ್ಕಿಸಬಹುದು. ಆ ಅನುಕೂಲ ಹೆಚ್ಚು ಹಣ ತೆತ್ತವರಿಗೆ ಮಾತ್ರ ಏಕೆ ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಉಜ್ಜದೇ ಕೆಲಸ ಮಾಡುವ ಸ್ಟಿಕ್ಕುಗಳೂ ಇವೆ. ಒಂದು ಪುಟ್ಟ ಅಯಸ್ಕಾಂತ, ಎದುರಿಗೆ ಅದರ ಬಲ ಅಳೆಯುವ ಸೆನ್ಸರು. ಒಂದಕ್ಕೊಂದು ತಾಗುವುದೇ ಇಲ್ಲ, ಹಾಗಾಗಿ ಇಂಗಾಲ ಸವೆಯುವ ಪ್ರಶ್ನೆಯೂ ಇಲ್ಲ. ಇದಕ್ಕೆ ‘ಹಾಲ್ ಎಫೆಕ್ಟ್’ ಎನ್ನುತ್ತಾರೆ. ಸೆಗಾ ಕಂಪನಿ 1998ರ ಡ್ರೀಮ್‌ಕಾಸ್ಟ್ ಕಂಟ್ರೋಲರಿನಲ್ಲೇ ಇದನ್ನು ಬಳಸಿತ್ತು. ಈಗ ಬೇರೆ ಕಂಪನಿಗಳು ಮಾರುವ ಸಾಮಾನ್ಯ ಬೆಲೆಯ ಕಂಟ್ರೋಲರುಗಳಲ್ಲೂ ಸಿಗುತ್ತದೆ. ಹಳೆಯ ಕಂಟ್ರೋಲರಿನ ಸ್ಟಿಕ್ಕು ಬದಲಿಸಲು ಕೊಡುವವರು ಹಾಲ್ ಎಫೆಕ್ಟ್ ಸ್ಟಿಕ್ಕನ್ನೇ ಹಾಕಿಕೊಡಿ ಎಂದು ಕೇಳಿ ಪಡೆಯುವುದು ಜಾಣತನ.

ಡ್ರಿಫ್ಟ್ ದೊಡ್ಡ ಸುದ್ದಿಯಾದದ್ದು 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನಿಂದ. ಅದರ ಅಕ್ಕಪಕ್ಕ ಸಿಕ್ಕಿಸುವ ಜಾಯ್-ಕಾನ್ ಕಂಟ್ರೋಲರುಗಳ ಮೇಲೆ ದೂರುಗಳ ಸುರಿಮಳೆಯಾಗಿ 2019ರಲ್ಲಿ ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. ಕಂಪನಿ ಅಲ್ಲಿ ಉಚಿತ ರಿಪೇರಿ ಶುರು ಮಾಡಿತು. ಮರುವರ್ಷ ಅಧ್ಯಕ್ಷ ಶುಂತಾರೊ ಫುರುಕಾವಾ ಷೇರುದಾರರ ಸಭೆಯಲ್ಲಿ ಗ್ರಾಹಕರ ಕ್ಷಮೆ ಕೋರಿದರು. ಯುರೋಪಿನ ಗ್ರಾಹಕ ಸಂಘಟನೆಗಳು ಪಟ್ಟು ಹಿಡಿದದ್ದರಿಂದ 2023ರಲ್ಲಿ ಅಲ್ಲಿಯವರಿಗೂ, ವಾರಂಟಿ ಮುಗಿದವರನ್ನೂ ಸೇರಿಸಿ, ಉಚಿತ ರಿಪೇರಿ ಸಿಕ್ಕಿತು. ನಮ್ಮಲ್ಲಿರುವ ಸ್ವಿಚ್‌ಗಳು ಹೆಚ್ಚಾಗಿ ದುಬೈಯಿಂದಲೋ ಸಿಂಗಪುರದಿಂದಲೋ ತರಿಸಿ ಅಂಗಡಿಯಲ್ಲಿ ಮಾರಿದಂಥವು, ಇಲ್ಲವೇ ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ತಂದಂಥವು. ಅವಕ್ಕೆ ಇಲ್ಲಿ ಕಂಪನಿಯ ಸರ್ವಿಸ್ ಇಲ್ಲ. ಮುಂದಿನ ಸಲ ಅಣ್ಣ ಊರಿಗೆ ಬಂದು ಹೋಗುವಾಗ ಕೆಟ್ಟ ಜಾಯ್-ಕಾನ್ ಅವನ ಕೈಯಲ್ಲೇ ಕಳಿಸಿ, ಅಲ್ಲಿಯ ರಿಪೇರಿ ಯೋಜನೆಯಲ್ಲಿ ವಿಚಾರಿಸಲು ಹೇಳಬಹುದು. ಇಲ್ಲವಾದರೆ ಸ್ಟಿಕ್ಕು ತರಿಸಿ ಹಾಕಿಸುವುದು. ಜಾಯ್-ಕಾನ್ ಸ್ಟಿಕ್ಕಿಗೆ ಬೆಸುಗೆಯಿಲ್ಲ, ತೆಳುವಾದ ರಿಬ್ಬನ್ ಕೇಬಲಿನಿಂದ ಕೂರುತ್ತದೆ. ಮೂರು ಮೂಲೆಯ ತಲೆಯ ಸ್ಕ್ರೂ ಬಿಚ್ಚುವ ಸ್ಕ್ರೂಡ್ರೈವರ್ ಮತ್ತು ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ.

ಬೆಸುಗೆಯ ವಿಷಯ ಬಂದಾಗ ಎಕ್ಸ್‌ಬಾಕ್ಸ್ 360ರ ಕಥೆ ಹೇಳಲೇಬೇಕು. 2005ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಅದನ್ನು ಬಿಡುಗಡೆ ಮಾಡಿತು. ಪವರ್ ಬಟನ್ನಿನ ಸುತ್ತ ನಾಲ್ಕು ಭಾಗದ ಹಸಿರು ದೀಪ. ಕೆಲವು ತಿಂಗಳು ಆಡಿದ ಮೇಲೆ ಅದರಲ್ಲಿ ಮೂರು ಭಾಗ ಕೆಂಪಾಗಿ ಮಿನುಗತೊಡಗಿದರೆ ಮುಗಿಯಿತು, ಕನ್ಸೋಲು ಏಳುತ್ತಿರಲಿಲ್ಲ. ದೂರುಗಳು ಎಷ್ಟಾದವೆಂದರೆ 2007ರ ಜುಲೈನಲ್ಲಿ ಕಂಪನಿ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅದಕ್ಕೆಂದೇ ತೆಗೆದಿಟ್ಟಿತು.

ಆಗ ಎಲ್ಲರೂ ಬೈದದ್ದು ಶಾಖವನ್ನು. ಯಂತ್ರ ಕಾಯುತ್ತದೆ, ಅದಕ್ಕೇ ಸಾಯುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 2021ರಲ್ಲಿ ಕಂಪನಿಯೇ ಹೊರತಂದ ಸಾಕ್ಷ್ಯಚಿತ್ರದಲ್ಲಿ ಅದರ ಎಂಜಿನಿಯರುಗಳು ವಿವರಿಸಿದ್ದು ಹೀಗೆ: ಚಿಪ್ಪು ತನ್ನ ತಳದ ಪದರಕ್ಕೆ ಸಾಸಿವೆಗಿಂತ ಸಣ್ಣ ಬೆಸುಗೆ ಗುಳಿಗೆಗಳ ಮೂಲಕ ಅಂಟಿಕೊಂಡಿರುತ್ತದೆ. ಆಡುವಾಗ ಚಿಪ್ಪು ಕಾಯ್ದು ಹಿಗ್ಗುತ್ತದೆ, ಆರಿಸಿದಾಗ ತಣಿದು ಕುಗ್ಗುತ್ತದೆ. ಚಿಪ್ಪೂ ತಳವೂ ಹಿಗ್ಗುವ ಪ್ರಮಾಣ ಒಂದೇ ಅಲ್ಲ, ಆ ಎಳೆತವನ್ನೆಲ್ಲ ತಡೆಯಬೇಕಾದದ್ದು ನಡುವಿನ ಗುಳಿಗೆ. ಹಚ್ಚುವುದು, ಆರಿಸುವುದು, ಮತ್ತೆ ಹಚ್ಚುವುದು ಎಂದು ನೂರಾರು ಸಲವಾದ ಮೇಲೆ ಗುಳಿಗೆ ಬಿರುಕು ಬಿಡುತ್ತದೆ. ಬರೀ ಕಾಯುವುದಕ್ಕಿಂತ ಕಾದು ತಣಿಯುವ ಈ ಆವರ್ತನವೇ ಹೆಚ್ಚು ಹಾನಿ ಮಾಡಿತು.

ಇದನ್ನು ತಿಳಿದರೆ ಅಂದಿನ ಮನೆಮದ್ದುಗಳು ಏಕೆ ಕೈಕೊಟ್ಟವು ಎಂಬುದೂ ತಿಳಿಯುತ್ತದೆ. ಕನ್ಸೋಲಿಗೆ ಟವೆಲ್ ಸುತ್ತಿ ಅರ್ಧ ಗಂಟೆ ಓಡಿಸುತ್ತಿದ್ದರು, ಬೋರ್ಡಿಗೆ ಬಿಸಿಗಾಳಿ ಬಿಡುತ್ತಿದ್ದರು. ಶಾಖಕ್ಕೆ ಎಲ್ಲವೂ ಹಿಗ್ಗಿ, ಬಿರುಕಿನ ಎರಡು ದಡ ಮತ್ತೆ ತಾಗಿ ದೀಪ ಹಸಿರಾಗುತ್ತಿತ್ತು. ವಾರ, ಹೆಚ್ಚೆಂದರೆ ತಿಂಗಳು. ಬಿರುಕು ಇದ್ದಲ್ಲೇ ಇರುತ್ತಿತ್ತು, ಜೊತೆಗೆ ಪಕ್ಕದ ಕೆಪಾಸಿಟರುಗಳೂ ಬೇಯುತ್ತಿದ್ದವು. ಇಂದಿಗೂ ಹಳೆಯ ಪಿಎಸ್3, ಎಕ್ಸ್‌ಬಾಕ್ಸ್ 360 ತೆಗೆದುಕೊಂಡು ಹೋದರೆ ‘ಹೀಟ್ ಕೊಟ್ಟು ಸರಿ ಮಾಡಿಕೊಡ್ತೀವಿ’ ಎನ್ನುವ ಅಂಗಡಿಗಳಿವೆ. ಅದು ರಿಪೇರಿಯಲ್ಲ. ಚಿಪ್ಪು ಬದಲಿಸುತ್ತೀರಾ, ಬರೀ ಬಿಸಿ ಮಾಡುತ್ತೀರಾ ಎಂದು ಮೊದಲೇ ಕೇಳಿ, ಎರಡನೆಯದಾದರೆ ಹಣ ಕೊಡಬೇಡಿ.

ಇದಕ್ಕೂ ಹಿಂದಿನ ಕಾಲದ ಯಂತ್ರಗಳು ಎಷ್ಟೋ ಸರಳ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳ ಮನೆಗಳಿಗೆ ಬಂದ ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಟಿವಿ ಗೇಮುಗಳು ಜಪಾನಿನಲ್ಲಿ 1983ರಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಮಾರಿಯೋ, ಕಾಂಟ್ರಾ ಆಡಿ ಬೆಳೆದವರ ಮನೆಯ ಅಟ್ಟದಲ್ಲಿ ಈಗಲೂ ಒಂದಾದರೂ ಸಿಕ್ಕೀತು. ಆನ್ ಆಗದಿದ್ದರೆ ಮೊದಲು ಅಡಾಪ್ಟರ್ ನೋಡಬೇಕು, ಹೆಚ್ಚಿನ ಸಲ ಸತ್ತಿರುವುದು ಅದೇ. ಆಮೇಲೆ ಅಡಾಪ್ಟರಿನ ಪಿನ್ನು ಕೂರುವ ಸಾಕೆಟ್ಟಿನ ಬೆಸುಗೆ. ಆಮೇಲೆ ಒಳಗೆ 9 ವೋಲ್ಟನ್ನು 5ಕ್ಕೆ ಇಳಿಸುವ ಮೂರು ಕಾಲಿನ 7805 ಎಂಬ ಐಸಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ವಸ್ತು ಅದು. ‘ರಿಮೋಟ್’ ಎಂದು ನಾವು ಕರೆಯುತ್ತಿದ್ದ ಕಂಟ್ರೋಲರಿನ ವೈರು ಒಳಗೇ ತುಂಡಾಗುವುದು ಇನ್ನೊಂದು ಮಾಮೂಲಿ ದೋಷ. ಇವೆಲ್ಲ ಸರಿಯಿದ್ದೂ ಕೆಲಸ ಮಾಡದಿದ್ದರೆ ಬೋರ್ಡಿನ ಮೇಲೆ ಕಪ್ಪು ಅಂಟಿನ ಗುಪ್ಪೆಯಡಿ ಹೂತಿಟ್ಟ ಚಿಪ್ಪೇ ಹೋಗಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ.

ಕ್ಯಾಸೆಟ್ಟನ್ನು ಊದಿ ಹಾಕುವ ಅಭ್ಯಾಸ ನಮ್ಮಲ್ಲೂ ಇತ್ತು, ಅಮೆರಿಕದಲ್ಲೂ ಇತ್ತು. ಅಲ್ಲಿ 1985ರಲ್ಲಿ ಬಂದ ನಿಂಟೆಂಡೊ ಎನ್‌ಇಎಸ್‌ಗೆ ವಿಸಿಆರ್‌ನಂತೆ ಮುಂದಿನಿಂದ ಕ್ಯಾಸೆಟ್ ತೂರಿಸಿ ಕೆಳಗೆ ಒತ್ತಬೇಕಿತ್ತು. ಒತ್ತಿ ಒತ್ತಿ ಅದರ 72 ಪಿನ್ನಿನ ಕನೆಕ್ಟರು ಸಡಿಲವಾಗುತ್ತಿತ್ತು. ಅದರ ಜೊತೆಗೆ ನಕಲಿ ಕ್ಯಾಸೆಟ್ ತಡೆಯಲು ಒಂದು ಬೀಗದ ಚಿಪ್ಪನ್ನೂ ಇಟ್ಟಿದ್ದರು. ಕ್ಯಾಸೆಟ್ಟಿನಲ್ಲಿರುವ ಜೋಡಿ ಚಿಪ್ಪಿನೊಂದಿಗೆ ಅದರ ಮಾತುಕತೆ ತಪ್ಪಿದರೆ ಇಡೀ ಯಂತ್ರವನ್ನು ಸೆಕೆಂಡಿಗೊಮ್ಮೆ ರಿಸೆಟ್ ಮಾಡುತ್ತಿತ್ತು. ಕೆಂಪು ದೀಪ ಮಿನುಗುತ್ತಿದ್ದದ್ದು ಅದಕ್ಕೇ. ನಮ್ಮ ನಕಲು ಯಂತ್ರಗಳಲ್ಲಿ ಆ ಬೀಗ ಇರಲಿಲ್ಲ, ಪಿನ್ನು ಸರಿಯಾಗಿ ತಾಗದಿದ್ದರೆ ಪರದೆಯ ಮೇಲೆ ಚೌಕ ಚೌಕದ ಕಲಸುಮೇಲೋಗರ ಬರುತ್ತಿತ್ತು, ಅಷ್ಟೇ. ಊದಿದರೆ ಸರಿಹೋಗುತ್ತಿದ್ದದ್ದು ಹೆಚ್ಚಾಗಿ ಕ್ಯಾಸೆಟ್ಟನ್ನು ತೆಗೆದು ಮತ್ತೆ ಕೂರಿಸಿದ್ದರಿಂದ. ಬಾಯಿಯ ತೇವ ತಾಮ್ರಕ್ಕೆ ಕಿಲುಬು ಹಿಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಬೇಕು.

ಅಸಲಿ ಕ್ಯಾಸೆಟ್ಟುಗಳಲ್ಲಿ ಕೆಲವಕ್ಕೆ ಒಳಗೆ ಗುಂಡಿ ಬ್ಯಾಟರಿಯೂ ಇದೆ. ಆಟ ಎಲ್ಲಿವರೆಗೆ ಬಂದಿದೆ ಎಂಬುದು ಅದರ ಬಲದಿಂದ ಉಳಿಯುತ್ತದೆ. ಗೇಮ್‌ಬಾಯ್‌ನ ಪೋಕೆಮಾನ್ ಆಟಗಳು ಇದಕ್ಕೆ ಹೆಸರಾದವು. ಬ್ಯಾಟರಿ ಸತ್ತ ದಿನ ಬಾಲ್ಯದಲ್ಲಿ ಕೂಡಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಬದಲಿಸಬೇಕೆನ್ನುವವರು, ಒಳಗಿನ ದಾಖಲೆಯನ್ನು ಮೊದಲು ಕಂಪ್ಯೂಟರಿಗೆ ತೆಗೆದುಕೊಳ್ಳುವ ಸಾಧನ ಇರುವವರ ಹತ್ತಿರವೇ ಕೊಡಬೇಕು.

ಬ್ಯಾಟರಿ ಹಳೆಯ ಯಂತ್ರಗಳ ಸಮಸ್ಯೆ ಮಾತ್ರವಲ್ಲ. ಪಿಎಸ್4ರ ಬೋರ್ಡಿನ ಮೇಲೆ ಗಡಿಯಾರ ನಡೆಸಲು ಒಂದು ಸಿಆರ್2032 ಗುಂಡಿ ಬ್ಯಾಟರಿ ಇದೆ. ಗೋಡೆ ಗಡಿಯಾರದ ಬ್ಯಾಟರಿಗಿಂತ ಹೆಚ್ಚು ಬೆಲೆಯದಲ್ಲ. 2021ರಲ್ಲಿ ಕೆಲವರು ಪರೀಕ್ಷಿಸಿ ನೋಡಿದಾಗ ಗಾಬರಿಯ ಸಂಗತಿ ಹೊರಬಿತ್ತು. ಈ ಬ್ಯಾಟರಿ ಸತ್ತು, ಸೋನಿಯ ಸರ್ವರಿನಿಂದ ಸಮಯ ಕೇಳಿ ಪಡೆಯಲೂ ಆಗದಿದ್ದರೆ, ದುಡ್ಡು ಕೊಟ್ಟು ತಂದ ಡಿಸ್ಕಿನ ಆಟವೂ ತೆರೆದುಕೊಳ್ಳುತ್ತಿರಲಿಲ್ಲ. ಬಹುಮಾನದ ಟ್ರೋಫಿಗಳ ತಾರೀಖು ತಿದ್ದದಂತೆ ಇಟ್ಟ ಕಾವಲು ಆಟವನ್ನೇ ತಡೆಯುತ್ತಿತ್ತು. ಅಂದರೆ ಮುಂದೊಂದು ದಿನ ಸರ್ವರು ನಿಂತರೆ, ಸುಸ್ಥಿತಿಯಲ್ಲಿರುವ ಕೋಟಿಗಟ್ಟಲೆ ಕನ್ಸೋಲುಗಳು ಒಂದು ಬ್ಯಾಟರಿಯ ಕಾರಣಕ್ಕೆ ನಿರುಪಯೋಗಿಯಾಗುತ್ತಿದ್ದವು. ಆಟಗಾರರು ಗಲಾಟೆ ಎಬ್ಬಿಸಿದರು, ಅದೇ ವರ್ಷದ ಸೆಪ್ಟೆಂಬರಿನ ಸಾಫ್ಟ್‌ವೇರ್ ಅಪ್‌ಡೇಟಿನಲ್ಲಿ ಸೋನಿ ಅದನ್ನು ಸರಿಪಡಿಸಿತು. ಕೇಳಿದರೆ ಕಂಪನಿಗಳು ಬದಲಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಎಲ್ಲ ಬೀಗಗಳೂ ಹೀಗೆ ತೆರೆದಿಲ್ಲ. ಮೊದಲ ಮಾದರಿಯ ಪಿಎಸ್5ರ ಡಿಸ್ಕ್ ಡ್ರೈವು ಅದರದೇ ಮದರ್‌ಬೋರ್ಡಿಗೆ ಜೋಡಿಯಾಗಿದೆ. ಡ್ರೈವು ಕೆಟ್ಟಿತೆಂದು ಇನ್ನೊಂದು ಪಿಎಸ್5ರಿಂದ ಕಿತ್ತು ಹಾಕಿದರೆ ಅದು ಆಟ ಓದುವುದಿಲ್ಲ. ಹಳೆಯ ಡ್ರೈವಿನ ಸಣ್ಣ ಬೋರ್ಡನ್ನು ಹೊಸ ಡ್ರೈವಿಗೆ ದಾಟಿಸಬೇಕು, ಆ ಬೋರ್ಡೇ ಸುಟ್ಟಿದ್ದರೆ ದಾರಿ ಮುಚ್ಚಿದಂತೆ. ಕಂಪನಿಗಳು ಕೊಡುವ ಕಾರಣ ಪೈರಸಿ. ಆ ಭಯ ಆಧಾರವಿಲ್ಲದ್ದೇನಲ್ಲ, ಪಿಎಸ್2ಗೆ ಚಿಪ್ಪು ಹಾಕಿಸಿ ನಕಲಿ ಡಿಸ್ಕ್ ಆಡಿದ ಒಂದು ಪೀಳಿಗೆಯೇ ಬೆಂಗಳೂರಿನ ಗಾಂಧಿನಗರದ ಮಾರುಕಟ್ಟೆಗಳನ್ನು ಬಲ್ಲದು. ಆದರೆ ಕೆಟ್ಟ ಲೇಸರನ್ನು ಬದಲಿಸುವುದಕ್ಕೂ ನಕಲಿ ಡಿಸ್ಕಿಗೂ ಏನೇನೂ ಸಂಬಂಧವಿಲ್ಲ. ಅಮೆರಿಕದ ಕಾಪಿರೈಟ್ ಕಚೇರಿಯೇ 2021ರಲ್ಲಿ ಕನ್ಸೋಲಿನ ಡಿಸ್ಕ್ ಡ್ರೈವ್ ರಿಪೇರಿಗಾಗಿ ಬೀಗ ಮುರಿಯುವುದಕ್ಕೆ ವಿನಾಯಿತಿ ಕೊಟ್ಟಿತು. ಹಾಗಿದ್ದೂ ಕ್ಯಾಲಿಫೋರ್ನಿಯ, ಮಿನ್ನೆಸೋಟ ರಾಜ್ಯಗಳು 2023ರಲ್ಲಿ ತಂದ ರಿಪೇರಿ ಹಕ್ಕಿನ ಕಾನೂನುಗಳಲ್ಲಿ ಫೋನು, ಲ್ಯಾಪ್‌ಟಾಪು ಸೇರಿದವು, ಗೇಮ್ ಕನ್ಸೋಲನ್ನು ಮಾತ್ರ ಹೊರಗಿಟ್ಟರು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಮೊಬೈಲು, ಗೃಹೋಪಯೋಗಿ ಉಪಕರಣ, ವಾಹನ, ಕೃಷಿ ಯಂತ್ರಗಳು ಅದರ ಮುಖ್ಯ ಕ್ಷೇತ್ರಗಳು. ಇಲ್ಲಿ ಕಾನೂನು ರೂಪುಗೊಳ್ಳುವ ದಿನ ಅಮೆರಿಕದ ಆ ರಾಜ್ಯಗಳ ಹಾಗೆ ಕನ್ಸೋಲುಗಳನ್ನು ಹೊರಗಿಡದಂತೆ ನೋಡಿಕೊಳ್ಳಬೇಕು.

ಅಲ್ಲಿಯತನಕ ಮನೆಯಲ್ಲಿ ಮಾಡಬಹುದಾದದ್ದು ಬಹಳ ಇದೆ. ನಮ್ಮ ಹವೆಯಲ್ಲಿ ಕನ್ಸೋಲಿಗೆ ಸಿಡಿಲು ದೊಡ್ಡ ಶತ್ರು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಕೇಬಲ್ ಟಿವಿಯ ತಂತಿ, ಇಂಟರ್ನೆಟ್ ತಂತಿಗಳ ಮೂಲಕ ಬಂದ ಹೊಡೆತ ಟಿವಿಗೆ ನುಗ್ಗಿ, ಎಚ್‌ಡಿಎಂಐ ಕೇಬಲ್ ಹಿಡಿದು ಕನ್ಸೋಲಿನ ಚಿಪ್ಪು ಸುಡುತ್ತದೆ. ಪವರ್ ಪ್ಲಗ್ ತೆಗೆದರೆ ಸಾಲದು, ಎಚ್‌ಡಿಎಂಐ ಮತ್ತು ಲ್ಯಾನ್ ಕೇಬಲುಗಳನ್ನೂ ಕೀಳಬೇಕು. ಟಿವಿ ಮುಟ್ಟಿದರೆ ಜುಂ ಎನ್ನುವ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲ. ಅಲ್ಲಿ ಎರಡೂ ಕಡೆ ಸ್ವಿಚ್ ಆರಿಸದೆ ಎಚ್‌ಡಿಎಂಐ ಸಿಕ್ಕಿಸಬಾರದು. ಎಚ್‌ಡಿಎಂಐ ಪೋರ್ಟ್ ಬಗ್ಗಿದ್ದರೆ, ಮುರಿದಿದ್ದರೆ ಹೆದರಬೇಕಿಲ್ಲ, ಮೊಬೈಲ್ ಬೋರ್ಡಿನ ಸೂಕ್ಷ್ಮ ಬೆಸುಗೆ ಬಲ್ಲ ಮೆಕ್ಯಾನಿಕ್ ಅದನ್ನು ಬದಲಿಸಬಲ್ಲ. ಆಟದ ನಡುವೆ ಕರೆಂಟ್ ಹೋಗಿ ಪಿಎಸ್4 ಏಳದಿದ್ದರೆ, ಎರಡನೇ ಬೀಪ್ ಕೇಳುವವರೆಗೆ ಪವರ್ ಬಟನ್ ಒತ್ತಿ ಹಿಡಿದು ಸೇಫ್ ಮೋಡಿಗೆ ಹೋಗಿ, ‘ರೀಬಿಲ್ಡ್ ಡೇಟಾಬೇಸ್’ ಆರಿಸಿ. ಅಂಗಡಿಗೆ ಹೋಗುವ ಅಗತ್ಯವೇ ಬೀಳದಿರಬಹುದು. ಪಿಎಸ್4ರ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪಿನದೇ ಮಾದರಿ, ಬಳಕೆದಾರರೇ ಬದಲಿಸುವಂತೆ ಮಾಡಿರುವುದು.

ಧೂಳಿನ ವಿಷಯ ಎಲ್ಲರಿಗೂ ಗೊತ್ತಿದೆ, ಜಿರಳೆಯ ವಿಷಯ ಗೊತ್ತಿಲ್ಲ. ಬೆಚ್ಚಗಿನ ಪವರ್ ಸಪ್ಲೈ ಅವಕ್ಕೆ ಇಷ್ಟದ ತಾಣ. ಅಡುಗೆಮನೆಯ ಗೋಡೆಗೆ ತಾಗಿದ ಶೆಲ್ಫು, ಮುಚ್ಚಿದ ಟಿವಿ ಕಪಾಟು ಎರಡೂ ಬೇಡ. ಕರಾವಳಿಯವರು ಮಳೆಗಾಲದಲ್ಲಿ ಕನ್ಸೋಲನ್ನು ತಿಂಗಳುಗಟ್ಟಲೆ ಸುಮ್ಮನೆ ಇಡದೆ ಆಗಾಗ ಓಡಿಸುತ್ತಿರಬೇಕು, ಒಳಗಿನ ತೇವ ಆರಲು ಅದೇ ಉಪಾಯ. ಪಿಎಸ್4ರ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿಕೊಳ್ಳಬಹುದು. ಪಿಎಸ್5ರಲ್ಲಿ ಪೇಸ್ಟಿನ ಬದಲು ದ್ರವ ಲೋಹವಿದೆ, ಅದು ವಿದ್ಯುತ್ ಹರಿಸುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೂ ಶಾರ್ಟ್ ಆದೀತು. ಅದರ ಹೀಟ್ ಸಿಂಕನ್ನು ಮನೆಯಲ್ಲಿ ಬಿಚ್ಚಬೇಡಿ.

ರಿಪೇರಿಗೆ ಕೊಡುವ ಮುನ್ನ ಆಟದ ದಾಖಲೆಗಳನ್ನು ಉಳಿಸಿಕೊಳ್ಳಿ. ಸ್ವಿಚ್‌ನಲ್ಲಿ ಅವು ಕಾರ್ಡಿನಲ್ಲಿ ಇರುವುದಿಲ್ಲ, ಯಂತ್ರದೊಳಗೇ ಇರುತ್ತವೆ. ಪಿಎಸ್5 ಆಟಗಳ ದಾಖಲೆಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಬಿಡುವುದಿಲ್ಲ, ಹಣ ಕಟ್ಟಿ ಕ್ಲೌಡಿನಲ್ಲಿ ಇಡಬೇಕು. ನಮ್ಮದೇ ಆಟದ ನೆನಪಿಗೆ ಬಾಡಿಗೆ ಕೊಡಬೇಕಾದ ಈ ಏರ್ಪಾಡು ನನಗೆ ಒಪ್ಪಿಗೆಯಾಗಿಲ್ಲ. ಉಬ್ಬಿದ ಬ್ಯಾಟರಿಯ ಪಿಎಸ್‌ಪಿ, ಸ್ವಿಚ್‌ಗಳನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ವಿಡಿಯೊ ಗೇಮುಗಳೂ ಇವೆ. ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಕೊಡಿ.

ಏಳಲಾರದ ಕನ್ಸೋಲನ್ನು ಕೊಡುವ ಮುನ್ನ ರಿಪೇರಿ ಅಂಗಡಿಯಲ್ಲಿ ಒಮ್ಮೆ ವಿಚಾರಿಸಿ. ಬೋರ್ಡು ಸುಟ್ಟಿದ್ದರೂ ಅದರ ಲೇಸರು, ಫ್ಯಾನು, ಪವರ್ ಸಪ್ಲೈ, ಸ್ಟಿಕ್ಕುಗಳು ಚೆನ್ನಾಗಿರುತ್ತವೆ, ಇನ್ನೊಂದನ್ನು ಬದುಕಿಸಲು ಅವರು ಕೊಳ್ಳುತ್ತಾರೆ. ಫ್ಯಾಮಿಕಾಮ್ ಬಂದು ಇಪ್ಪತ್ತನಾಲ್ಕು ವರ್ಷಗಳ ತನಕ ನಿಂಟೆಂಡೊ ಜಪಾನಿನಲ್ಲಿ ಅದನ್ನು ರಿಪೇರಿ ಮಾಡಿಕೊಡುತ್ತಿತ್ತು, 2007ರ ಅಕ್ಟೋಬರಿನಲ್ಲಿ ನಿಲ್ಲಿಸಿದ್ದು ಬಿಡಿಭಾಗ ಸಿಗದ ಕಾರಣಕ್ಕೆ. ಈಗಿನ ಕಂಪನಿಗಳು ಸರ್ವಿಸ್ ನಿಲ್ಲಿಸುವ ದಿನವೇ ಬೋರ್ಡಿನ ನಕ್ಷೆಯನ್ನೂ ಡ್ರೈವ್ ಜೋಡಿಸುವ ಸಾಫ್ಟ್‌ವೇರನ್ನೂ ಬಿಡುಗಡೆ ಮಾಡಬೇಕೆಂದು ಕಾನೂನು ಹೇಳಿದರೆ, ಎಸ್.ಪಿ. ರಸ್ತೆಯ ಮೆಕ್ಯಾನಿಕ್‌ಗಳು ಉಳಿದದ್ದನ್ನು ನೋಡಿಕೊಳ್ಳುತ್ತಾರೆ.